ಮುಂದಿನ ರಾಷ್ಟ್ರಪತಿ ಯಾರು? ನೋಟ್‌ಬುಕ್ಕಿನ ಒಂದು ಪುಟದಲ್ಲಿ ಲೆಕ್ಕ ಹಾಕುವುದು ಹೇಗೆ

ರಾಷ್ಟ್ರಪತಿ ಚುನಾವಣೆಯ ಮಾತು ಬಂದಾಗಲೆಲ್ಲ ಓದುಗರು ಕೇಳುವುದು ಒಂದೇ: ಈ ಸಲ ಯಾರು ಗೆಲ್ಲಬಹುದು? ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆ ಸರ್ಕಾರಿ ನೌಕರಿಯ ಪಿಎಸ್‌ಸಿ ಪರೀಕ್ಷೆಗೆ ಓದುತ್ತಿರುವ ಮಕ್ಕಳು ಇನ್ನೊಂದನ್ನೂ ಕೇಳುತ್ತಾರೆ. ನಮ್ಮ ಶಾಸಕರ ವೋಟಿನ ಬೆಲೆ 152. ಗಡಿಯ ತಲಪಾಡಿ ದಾಟಿ ಕರ್ನಾಟಕದ ಮಂಗಳೂರು ಕಡೆ ಹೋದರೆ 131. ಯಾಕೆ ಹೀಗೆ?

ಎರಡಕ್ಕೂ ಉತ್ತರ ಒಂದೇ ಲೆಕ್ಕದಲ್ಲಿದೆ. ಲೋಕಸಭೆ ಚುನಾವಣೆಯಲ್ಲಿ ಕೋಟಿಗಟ್ಟಲೆ ಜನರ ಮನಸ್ಸು ಓದಬೇಕು, ಅದು ಕಷ್ಟ. ಇಲ್ಲಿ ಮತ ಹಾಕುವವರು ಐದು ಸಾವಿರವೂ ಇಲ್ಲ. ಅವರು ಯಾರು, ಯಾವ ಪಕ್ಷದವರು, ಅವರ ಮತಕ್ಕೆ ಎಷ್ಟು ಬೆಲೆ ಎಲ್ಲವೂ ಮೊದಲೇ ಗೊತ್ತಿರುತ್ತದೆ. ಹಾಗಾಗಿ ಇಲ್ಲಿ ಊಹೆಗೆ ಜಾಗ ಕಡಿಮೆ, ಕೂಡಿಸಿ ಕಳೆಯುವ ಕೆಲಸವೇ ಜಾಸ್ತಿ. ಹತ್ತನೇ ಕ್ಲಾಸಿನ ಹುಡುಗಿಯೂ ಇದನ್ನು ಮಾಡಬಹುದು.

ದ್ರೌಪದಿ ಮುರ್ಮು ಅವರು ಪ್ರಮಾಣವಚನ ತೆಗೆದುಕೊಂಡದ್ದು 2022ರ ಜುಲೈ 25ರಂದು. ಅವಧಿ ಐದು ವರ್ಷ. ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನ ಹೇಳುತ್ತದೆ. ಅಂದರೆ 2027ರ ಜುಲೈ 24ರ ಒಳಗೆ ಫಲಿತಾಂಶ ಬಂದಿರಬೇಕು.

ಬೇಕಾದ ಸಾಮಾನು: ಒಂದು ನೋಟ್‌ಬುಕ್, ಪೆನ್ಸಿಲ್, ಫೋನಿನ ಕ್ಯಾಲ್ಕುಲೇಟರ್, ಮತ್ತು ಪ್ರತಿ ವಿಧಾನಸಭೆಯಲ್ಲಿ ಯಾವ ಪಕ್ಷಕ್ಕೆ ಎಷ್ಟು ಸೀಟು ಎಂಬ ಪಟ್ಟಿ. ಪೆನ್ನು ಕೊನೆಗೆ ಸಾಕು, ಮೊದಲು ಪೆನ್ಸಿಲ್ಲೇ ಇರಲಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹಂತ 1: ಯಾರಿಗೆ ಮತ ಇದೆ, ಯಾರಿಗಿಲ್ಲ

ರಾಷ್ಟ್ರಪತಿಯನ್ನು ಆರಿಸುವ ಗುಂಪಿಗೆ ಎಲೆಕ್ಟೋರಲ್ ಕಾಲೇಜು ಅನ್ನುತ್ತಾರೆ. ಕಾಲೇಜು ಅಂದರೆ ಇಲ್ಲಿ ಮತದಾರರ ಮಂಡಳಿ, ಅಷ್ಟೇ. ಇದರಲ್ಲಿ ಲೋಕಸಭೆಯ 543 ಸದಸ್ಯರು, ರಾಜ್ಯಸಭೆಗೆ ಚುನಾಯಿತರಾದ 233 ಸದಸ್ಯರು ಇರುತ್ತಾರೆ. ಜೊತೆಗೆ ರಾಜ್ಯಗಳ ವಿಧಾನಸಭೆಗಳ, ಹಾಗೂ ದೆಹಲಿ ಮತ್ತು ಪುದುಚೇರಿಯ ಚುನಾಯಿತ ಶಾಸಕರು. ಮಲಯಾಳ ಪತ್ರಿಕೆಗಳಲ್ಲಿ ನಿಯಮಸಭೆ ಅಂತ ಬರುವುದು ಇದೇ ವಿಧಾನಸಭೆ. 2022ರಲ್ಲಿ ಸಂಸದರು 776, ಶಾಸಕರು 4033, ಒಟ್ಟು 4809 ಮತದಾರರಿದ್ದರು.

ಎಡವುವ ಜಾಗ ಇಲ್ಲೇ ಶುರುವಾಗುತ್ತದೆ. ವಿಧಾನ ಪರಿಷತ್ತಿನವರಿಗೆ ಇಲ್ಲಿ ಮತ ಇಲ್ಲ. ಕರ್ನಾಟಕದ ಪರಿಷತ್ತಿನಲ್ಲಿ 75 ಜನ ಇದ್ದಾರೆ, ಅವರಲ್ಲಿ ಒಬ್ಬರೂ ಈ ಪುಟಕ್ಕೆ ಬರಬಾರದು. ನಾಮನಿರ್ದೇಶಿತರಿಗೂ, ಅಂದರೆ ಸರ್ಕಾರದ ಸಲಹೆಯಂತೆ ನೇಮಕವಾದವರಿಗೂ, ಮತ ಇಲ್ಲ. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು, ಪಿ.ಟಿ. ಉಷಾ ಅವರು 2022ರಲ್ಲಿ ರಾಜ್ಯಸಭೆಗೆ ಬಂದದ್ದು ಹೀಗೆ. ಉಪರಾಷ್ಟ್ರಪತಿ ಚುನಾವಣೆಯಲ್ಲಿ ಇಂಥ ಸದಸ್ಯರು ಮತ ಹಾಕಬಹುದು, ರಾಷ್ಟ್ರಪತಿ ಚುನಾವಣೆಯಲ್ಲಿ ಹಾಕುವಂತಿಲ್ಲ. ಈ ಎರಡು ಚುನಾವಣೆಗಳನ್ನು ಕಲಸಿಕೊಳ್ಳುವವರು ತುಂಬಾ ಜನ. ಉಪರಾಷ್ಟ್ರಪತಿ ಚುನಾವಣೆಯಲ್ಲಿ ಶಾಸಕರೇ ಇಲ್ಲ, ಬರೀ ಸಂಸದರು. ಅಲ್ಲಿ ಬಂದ ಅಂತರವನ್ನು ತಂದು ಇಲ್ಲಿಗೆ ಅಂಟಿಸಬೇಡಿ.

ಖಾಲಿ ಸೀಟುಗಳನ್ನೂ ಗಮನಿಸಿ. ಶಾಸಕರು ತೀರಿಕೊಂಡು ಅಥವಾ ರಾಜೀನಾಮೆ ಕೊಟ್ಟು ಉಪಚುನಾವಣೆ ನಡೆಯದಿದ್ದರೆ ಆ ಮತ ಲೆಕ್ಕದಿಂದ ಹೊರಗೆ.

ಹಂತ 2: ಒಂದು ಮತಕ್ಕೆ ಎಷ್ಟು ಬೆಲೆ

ತಲಪಾಡಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಒಬ್ಬ ಶಾಸಕರು ಎಷ್ಟು ಜನರನ್ನು ಪ್ರತಿನಿಧಿಸುತ್ತಾರೋ ಅದರ ಮೇಲೆ ಅವರ ಮತದ ಬೆಲೆ ನಿಂತಿದೆ. ಇದಕ್ಕೆ ಮತಮೌಲ್ಯ ಎನ್ನುತ್ತಾರೆ. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ. ಬಂದದ್ದನ್ನು 1000ದಿಂದ ಭಾಗಿಸಿ. ಅಷ್ಟೇ ಸೂತ್ರ.

ಕೇರಳದ್ದನ್ನು ಮಾಡಿ ನೋಡೋಣ. ಜನಸಂಖ್ಯೆ 2,13,47,375. ಶಾಸಕರು 140. ಭಾಗಿಸಿದರೆ 1,52,481. ಸಾವಿರದಿಂದ ಭಾಗಿಸಿದರೆ 152, ಶೇಷ 481. ಶೇಷ 500ರ ಕೆಳಗಿದ್ದರೆ ಬಿಡಬೇಕು, ಮೇಲಿದ್ದರೆ ಒಂದು ಸೇರಿಸಬೇಕು. ಹಾಗಾಗಿ 152.

ಈಗ ಕರ್ನಾಟಕ. ಜನಸಂಖ್ಯೆ 2,92,99,014. ಶಾಸಕರು 224. ಭಾಗಿಸಿದರೆ 1,30,799. ಶೇಷ 799 ಇರುವುದರಿಂದ ಒಂದು ಸೇರಿ 131. ಕರ್ನಾಟಕದಲ್ಲಿ ಜನ ಜಾಸ್ತಿ ನಿಜ, ಆದರೆ ಶಾಸಕರು ಇನ್ನೂ ಜಾಸ್ತಿ. ಒಬ್ಬೊಬ್ಬರ ಪಾಲಿಗೆ ಬರುವ ಜನ ಕಡಿಮೆ. ಬೆಲೆ ಇಳಿದದ್ದು ಅದಕ್ಕೇ.

ಕೇರಳದಲ್ಲಿ ಬರೀ ಎರಡು ಕೋಟಿ ಜನವೇ ಅಂತ ಕೇಳುತ್ತೀರಿ, ಅಲ್ವಾ? ಇದು 1971ರ ಜನಗಣತಿಯ ಅಂಕಿ. ಜನಸಂಖ್ಯೆ ಹತೋಟಿಯಲ್ಲಿಟ್ಟ ರಾಜ್ಯಗಳಿಗೆ ನಷ್ಟ ಆಗಬಾರದು ಎಂದು ಸಂವಿಧಾನ ತಿದ್ದುಪಡಿ ಮಾಡಿ ಆ ಅಂಕಿಯನ್ನೇ ಹಿಡಿದಿಟ್ಟಿದ್ದಾರೆ. 2026ರ ನಂತರದ ಮೊದಲ ಜನಗಣತಿಯ ಅಂಕಿ ಪ್ರಕಟವಾಗುವ ತನಕ 1971ರದ್ದೇ ಲೆಕ್ಕ. 2011ರ ಜನಸಂಖ್ಯೆ ಹಾಕಿ ಲೆಕ್ಕ ಮಾಡಿದರೆ ಇಡೀ ಪುಟವೇ ತಪ್ಪುತ್ತದೆ. ತುಂಬಾ ಜನ ತಪ್ಪುವುದು ಇಲ್ಲೇ.

ಗಡಿಯ ಬೇರೆ ಕಡೆಯ ಓದುಗರಿಗೆ: ತಮಿಳುನಾಡಿನ ಹೊಸೂರಿನ ಶಾಸಕರ ಮತಕ್ಕೆ 176, ಪಕ್ಕದ ಆನೇಕಲ್‌ನವರದ್ದು 131. ಅಕ್ಕಲಕೋಟೆ, ಜತ್ತ ಇರುವ ಮಹಾರಾಷ್ಟ್ರದ್ದು 175. ಮಡಕಶಿರಾ, ರಾಯದುರ್ಗ, ಆದೋನಿ ಇರುವ ಆಂಧ್ರದ್ದು 159. ದೇಶದಲ್ಲಿ ಎಲ್ಲಕ್ಕಿಂತ ಜಾಸ್ತಿ ಉತ್ತರಪ್ರದೇಶದ್ದು, 208. ಕಡಿಮೆ ಸಿಕ್ಕಿಂದು, 7.

ಇನ್ನು ಸಂಸದರ ಮತ. ಎಲ್ಲ ಶಾಸಕರ ಮತಮೌಲ್ಯ ಕೂಡಿಸಿ 776ರಿಂದ ಭಾಗಿಸಬೇಕು. 2022ರಲ್ಲಿ ಶಾಸಕರ ಮೊತ್ತ 5,43,231. ಭಾಗಿಸಿದರೆ 700. ಎಲ್ಲ ಸಂಸದರಿಗೂ ಇದೇ ಬೆಲೆ, ರಾಜ್ಯ ಯಾವುದಾದರೂ ಸರಿ. ನಮ್ಮ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಮಂಜೇಶ್ವರ, ಕಾಸರಗೋಡು, ಉದುಮ, ಕಾಞಂಗಾಡು, ತೃಕ್ಕರಿಪುರ, ಈ ಐದು ಶಾಸಕರ ಮತ ಸೇರಿದರೆ 760. ನಮ್ಮ ಒಬ್ಬ ಸಂಸದರದ್ದೇ 700.

2017ರಲ್ಲಿ ಸಂಸದರ ಮತಮೌಲ್ಯ 708 ಇತ್ತು. 2022ರಲ್ಲಿ ಜಮ್ಮು–ಕಾಶ್ಮೀರಕ್ಕೆ ವಿಧಾನಸಭೆ ಇರಲಿಲ್ಲ, ಅದಕ್ಕೇ 700ಕ್ಕೆ ಇಳಿಯಿತು. 2024ರಲ್ಲಿ ಅಲ್ಲಿ ಮತ್ತೆ ವಿಧಾನಸಭೆ ಬಂದಿದೆ. ಆದ್ದರಿಂದ 700 ಎಂಬುದನ್ನು ಅಭ್ಯಾಸಕ್ಕೆ ಮಾತ್ರ ಬಳಸಿ. ಚುನಾವಣೆ ಘೋಷಿಸುವಾಗ ಚುನಾವಣಾ ಆಯೋಗ ಕೊಡುವ ಅಂಕಿಯೇ ಕೊನೆಯದು.

ಹಂತ 3: ಪುಟಕ್ಕೆ ಗೆರೆ ಹಾಕಿ

ಪುಟವನ್ನು ಅಡ್ಡ ಹಿಡಿದು ಐದು ಕಾಲಂ ಮಾಡಿ. ಮೊದಲನೆಯದರಲ್ಲಿ ರಾಜ್ಯ ಮತ್ತು ಮತಮೌಲ್ಯ. ಎರಡನೆಯದು ಆಡಳಿತ ಕೂಟ. ಮೂರನೆಯದು ವಿರೋಧ ಕೂಟ. ನಾಲ್ಕನೆಯದಕ್ಕೆ "ನಡುವಿನವರು" ಎಂದು ಹೆಸರಿಡಿ. ಐದನೆಯದು ಖಾಲಿ ಇರಲಿ, ಎಣಿಕೆಯ ದಿನಕ್ಕೆ ಬೇಕು. ಸಂಸದರಿಗೆ ಮೇಲ್ಗಡೆ ಬೇರೆ ಸಾಲು.

ತಲೆ ಎಣಿಸಬೇಡಿ, ಬೆಲೆ ಎಣಿಸಿ. 2022ರಲ್ಲಿ ಸಿಂಧುವಾದ 4701 ಮತಗಳಲ್ಲಿ ಮುರ್ಮು ಅವರಿಗೆ ಬಿದ್ದದ್ದು 2824, ಅಂದರೆ ಶೇ. 60. ಮತಮೌಲ್ಯದಲ್ಲಿ ನೋಡಿದರೆ 6,76,803, ಅಂದರೆ ಶೇ. 64. ಅವರ ಕಡೆ ಸಂಸದರು ಜಾಸ್ತಿ ಇದ್ದದ್ದರಿಂದ ಈ ವ್ಯತ್ಯಾಸ. ಅಂತರ ಕಡಿಮೆ ಇರುವ ವರ್ಷದಲ್ಲಿ ಇಷ್ಟು ವ್ಯತ್ಯಾಸದಲ್ಲಿ ಗೆಲುವೇ ಆಚೀಚೆ ಆಗಬಹುದು.

ಗೆಲುವಿನ ಗೆರೆ ಎಲ್ಲಿ? ಸಿಂಧುವಾದ ಮತಗಳ ಒಟ್ಟು ಮೌಲ್ಯದ ಅರ್ಧ, ಅದಕ್ಕೆ ಒಂದು ಸೇರಿಸಿ. ಇದಕ್ಕೆ ಕೋಟಾ ಅನ್ನುತ್ತಾರೆ. 2022ರಲ್ಲಿ ಎಲ್ಲರೂ ಸರಿಯಾಗಿ ಮತ ಹಾಕಿದ್ದರೆ ಒಟ್ಟು 10,86,431 ಆಗುತ್ತಿತ್ತು. ನಿಜವಾಗಿ ಸಿಂಧುವಾದದ್ದು 10,56,980. ಹಾಗಾಗಿ ಕೋಟಾ 5,28,491. ನಿಮ್ಮ ಪುಟದ ಕೆಳಗೆ ಈ ಗೆರೆಯನ್ನು ಕೆಂಪಿನಲ್ಲಿ ಎಳೆಯಿರಿ.

ಹಂತ 4: ಹಳೆಯ ಪುಟ ನಕಲು ಮಾಡಬೇಡಿ

ಐದು ವರ್ಷದಲ್ಲಿ ವಿಧಾನಸಭೆಗಳ ಬಣ್ಣವೇ ಬದಲಾಗುತ್ತದೆ. ಆಂಧ್ರವನ್ನು ನೋಡಿ. 2019ರಲ್ಲಿ ವೈಎಸ್‌ಆರ್ ಕಾಂಗ್ರೆಸ್ 175ರಲ್ಲಿ 151 ಗೆದ್ದಿತ್ತು. 2024ರಲ್ಲಿ ಅದು 11ಕ್ಕೆ ಇಳಿಯಿತು. ತೆಲುಗುದೇಶಂ, ಜನಸೇನಾ, ಬಿಜೆಪಿ ಸೇರಿ 164 ಗೆದ್ದವು. 164ನ್ನು 159ರಿಂದ ಗುಣಿಸಿದರೆ 26,076. ಉಳಿದ 11ಕ್ಕೆ 1,749. 2022ರ ಪುಟದಿಂದ ಆಂಧ್ರದ ಪಕ್ಷಗಳ ಸೀಟುಗಳನ್ನು ಹಾಗೇ ಎತ್ತಿಟ್ಟರೆ ಇಪ್ಪತ್ತು ಸಾವಿರಕ್ಕೂ ಮೇಲೆ ತಪ್ಪು.

ಕೇರಳ, ತಮಿಳುನಾಡು, ಪಶ್ಚಿಮ ಬಂಗಾಳ, ಅಸ್ಸಾಂ, ಪುದುಚೇರಿಗಳಿಗೆ 2026ರ ಚುನಾವಣೆಯ ಸೀಟುಗಳನ್ನೇ ಹಾಕಿ. ಉತ್ತರಪ್ರದೇಶ, ಪಂಜಾಬ್, ಉತ್ತರಾಖಂಡ, ಗೋವಾ, ಮಣಿಪುರದ ವಿಧಾನಸಭೆಗಳ ಅವಧಿ ಮುಗಿಯುವುದು 2027ರ ಮಾರ್ಚ್‌ನಿಂದ ಮೇ ಒಳಗೆ. ಇವುಗಳಲ್ಲಿ ಉತ್ತರಪ್ರದೇಶ ಒಂದೇ 83,824. ಕೇರಳದ ಎಲ್ಲ ಶಾಸಕರ ಮತ ಸೇರಿದರೂ 21,280. ಅಂದರೆ ಹೆಚ್ಚುಕಡಿಮೆ ನಾಲ್ಕು ಕೇರಳ. ಆ ರಾಜ್ಯದ ಫಲಿತಾಂಶ ಬರುವ ಮೊದಲು "ಇವರೇ ಗೆಲ್ಲುತ್ತಾರೆ" ಎಂದು ಯಾರು ಹೇಳಿದರೂ ನಂಬಬೇಡಿ. ವಾಟ್ಸ್ಯಾಪ್‌ನಲ್ಲಿ ಬರುವ "ಸಮೀಕ್ಷೆ"ಗಳನ್ನಂತೂ ತೆರೆಯಲೇಬೇಡಿ. ಸಾಮಾನ್ಯ ಜನರನ್ನು ಕೇಳಿ ಮಾಡುವ ಸಮೀಕ್ಷೆಯಿಂದ ಇಲ್ಲಿ ಏನೂ ತಿಳಿಯುವುದಿಲ್ಲ, ಯಾಕೆಂದರೆ ಮತ ಹಾಕುವವರು ನಾವಲ್ಲ.

ಹಂತ 5: ಅಭ್ಯರ್ಥಿಯ ಹೆಸರು ಬರುವ ತನಕ ಕಾಯಿರಿ

ನನ್ನ ಪ್ರಕಾರ ಇಡೀ ಲೆಕ್ಕದಲ್ಲಿ ಬುದ್ಧಿ ಉಪಯೋಗಿಸಬೇಕಾದ ಜಾಗ ಇದೊಂದೇ. ಉಳಿದದ್ದನ್ನೆಲ್ಲ ಕ್ಯಾಲ್ಕುಲೇಟರ್ ಮಾಡುತ್ತದೆ.

ಒಂದೇ ರಾಜ್ಯದಲ್ಲಿ ಬದ್ಧವೈರಿಗಳಾಗಿರುವವರು ಇಲ್ಲಿ ಒಂದೇ ಕಡೆ ನಿಲ್ಲುತ್ತಾರೆ. ನಮ್ಮಲ್ಲಿ ಪಂಚಾಯತು ವಾರ್ಡಿನಿಂದ ಹಿಡಿದು ಎಲ್ಲ ಕಡೆ ಸಿಪಿಎಂ ಮುಂದಾಳತ್ವದ ಎಡರಂಗಕ್ಕೂ ಕಾಂಗ್ರೆಸ್ ಮುಂದಾಳತ್ವದ ಐಕ್ಯರಂಗಕ್ಕೂ ಜಟಾಪಟಿ. 2022ರಲ್ಲಿ ಇಬ್ಬರೂ ಮುರ್ಮು ಎದುರು ನಿಂತ ವಿರೋಧ ಕೂಟದ ಅಭ್ಯರ್ಥಿ ಯಶವಂತ ಸಿನ್ಹಾ ಅವರನ್ನು ಬೆಂಬಲಿಸಿದರು. ಅದೇ ವರ್ಷ ಆಂಧ್ರದಲ್ಲಿ ಹಾವು ಮುಂಗುಸಿಯಂತಿದ್ದ ವೈಎಸ್‌ಆರ್ ಕಾಂಗ್ರೆಸ್ ಮತ್ತು ತೆಲುಗುದೇಶಂ ಎರಡೂ ಮುರ್ಮು ಕಡೆ ಹೋದವು. ಹಾಗಂತ ಕೇರಳದ ಸಾಲು ಯಾವಾಗಲೂ ಒಂದೇ ಅಲ್ಲ. 2002ರಲ್ಲಿ ಕಾಂಗ್ರೆಸ್ ಅಬ್ದುಲ್ ಕಲಾಂ ಅವರನ್ನು ಒಪ್ಪಿತು, ಎಡಪಕ್ಷಗಳು ಕ್ಯಾಪ್ಟನ್ ಲಕ್ಷ್ಮಿ ಸೆಹಗಲ್ ಅವರನ್ನು ನಿಲ್ಲಿಸಿದವು. 2012ರಲ್ಲಿ ಎಡಪಕ್ಷಗಳೇ ಒಡೆದವು. ಸಿಪಿಎಂ ಪ್ರಣಬ್ ಮುಖರ್ಜಿ ಅವರಿಗೆ ಮತ ಹಾಕಿತು, ಸಿಪಿಐ ಮತದಾನದಿಂದ ದೂರ ಉಳಿಯಿತು. ಒಂದು ರಂಗದ ಎಲ್ಲರನ್ನೂ ಕಣ್ಣು ಮುಚ್ಚಿ ಒಂದೇ ಕಾಲಂಗೆ ಹಾಕಬಾರದು ಎನ್ನುವುದು ಇದಕ್ಕೇ.

ಹೆಸರು ಹೇಗೆ ಕೆಲಸ ಮಾಡುತ್ತದೆ ನೋಡಿ. 2007ರಲ್ಲಿ ಶಿವಸೇನೆ ಇದ್ದದ್ದು ಬಿಜೆಪಿ ಜೊತೆ. ಆದರೂ ಮಹಾರಾಷ್ಟ್ರದವರೆಂಬ ಕಾರಣಕ್ಕೆ ಪ್ರತಿಭಾ ಪಾಟೀಲ್ ಅವರಿಗೆ ಮತ ಹಾಕಿತು. 2017ರಲ್ಲಿ ಜೆಡಿಯು ಇದ್ದದ್ದು ವಿರೋಧ ಕೂಟದಲ್ಲಿ. ಬಿಹಾರದ ರಾಜ್ಯಪಾಲರಾಗಿದ್ದ ರಾಮನಾಥ ಕೋವಿಂದ್ ಅವರನ್ನು ಬೆಂಬಲಿಸಿತು. 2022ರಲ್ಲಿ ಮುರ್ಮು ಒಡಿಶಾದ ಆದಿವಾಸಿ ಮಹಿಳೆ, ಜಾರ್ಖಂಡಿನ ರಾಜ್ಯಪಾಲರಾಗಿದ್ದವರು. ಒಡಿಶಾದ ಬಿಜೆಡಿ, ಜಾರ್ಖಂಡಿನ ಜೆಎಂಎಂ, ಕರ್ನಾಟಕದ ಜೆಡಿಎಸ್, ಉದ್ಧವ್ ಠಾಕ್ರೆ ಅವರ ಶಿವಸೇನೆ ಎಲ್ಲ ಅವರ ಹಿಂದೆ ನಿಂತವು. ಹೆಸರು ಘೋಷಣೆ ಆಗುವ ಮೊದಲು ಬಿಜೆಪಿ ಮುಂದಾಳತ್ವದ ಎನ್‌ಡಿಎ ಬಳಿ ಅರ್ಧಕ್ಕೆ ಸ್ವಲ್ಪ ಕಡಿಮೆ ಇತ್ತು. ಕೊನೆಗೆ ಬಂದದ್ದು ಶೇ. 64. ಆ ಜಿಗಿತ ಬಂದದ್ದು ನಾಲ್ಕನೇ ಕಾಲಂನಿಂದ.

ಆದ್ದರಿಂದ ಹೆಸರು ಬಂದ ದಿನ ನಾಲ್ಕನೇ ಕಾಲಂನ ಪ್ರತಿ ಪಕ್ಷಕ್ಕೂ ಮೂರು ಪ್ರಶ್ನೆ ಕೇಳಿ. ಅಭ್ಯರ್ಥಿ ಅವರ ರಾಜ್ಯದವರೇ? ಅವರ ಮತದಾರರ ಸಮುದಾಯದವರೇ? ಈ ಅಭ್ಯರ್ಥಿಯನ್ನು ವಿರೋಧಿಸಿದರೆ ಊರಲ್ಲಿ ಜನರಿಗೆ ಉತ್ತರ ಹೇಳುವುದು ಅವರಿಗೆ ಕಷ್ಟವಾಗುತ್ತದೆಯೇ? ಎರಡಕ್ಕೆ ಹೌದು ಎಂದಾದರೆ ಪೆನ್ಸಿಲ್‌ನಲ್ಲಿ ಆ ಕಡೆಗೆ ಸರಿಸಿ. ಪಕ್ಷದ ನಾಯಕರು ಬಾಯಿಬಿಟ್ಟು ಹೇಳಿದ ಮೇಲೆ ಮಾತ್ರ ಪೆನ್ನಿನಲ್ಲಿ ಬರೆಯಿರಿ.

ದಿನಗಳ ಅಂದಾಜಿಗೆ 2022ರ ಕ್ರಮ ನೆನಪಿಡಿ. ಜೂನ್ 15ಕ್ಕೆ ಅಧಿಸೂಚನೆ, ಜೂನ್ 21ಕ್ಕೆ ಎರಡೂ ಕಡೆಯ ಹೆಸರು, ಜುಲೈ 18ಕ್ಕೆ ಮತದಾನ, ಜುಲೈ 21ಕ್ಕೆ ಎಣಿಕೆ. ನಾಮಪತ್ರಕ್ಕೆ 50 ಸೂಚಕರು, 50 ಅನುಮೋದಕರು ಬೇಕು, ಎಲ್ಲರೂ ಮತದಾರರೇ ಆಗಿರಬೇಕು. ಠೇವಣಿ 15,000 ರೂಪಾಯಿ. ಅಷ್ಟು ಸಹಿ ಇಲ್ಲದೆ ಸಲ್ಲಿಸಿದ ನಾಮಪತ್ರಗಳು ಪರಿಶೀಲನೆಯ ದಿನವೇ ಬಿದ್ದುಹೋಗುತ್ತವೆ, ಅವರ ಬಗ್ಗೆ ಬಂದ ಸುದ್ದಿಗೆ ತಲೆ ಕೆಡಿಸಿಕೊಳ್ಳಬೇಡಿ.

ಹಂತ 6: ಅಡ್ಡ ಮತ, ಅಸಿಂಧು ಮತ

ಇದು ಗುಪ್ತ ಮತದಾನ. ವಿಪ್ ನಡೆಯುವುದಿಲ್ಲ. ವಿಪ್ ಅಂದರೆ ಹೀಗೇ ಮತ ಹಾಕಿ ಎಂದು ಪಕ್ಷ ಕೊಡುವ ಆದೇಶ. ಇಲ್ಲಿ ಬೇರೆ ಕಡೆ ಹಾಕಿದರೂ ಸದಸ್ಯತ್ವ ಹೋಗುವುದಿಲ್ಲ. ಹಾಗಾಗಿ ಅಲ್ಲೊಂದು ಇಲ್ಲೊಂದು ಮತ ದಾಟುತ್ತದೆ. 2022ರಲ್ಲಿ ಕೇರಳದ 140 ಶಾಸಕರಲ್ಲಿ ಎನ್‌ಡಿಎಯವರು ಒಬ್ಬರೂ ಇರಲಿಲ್ಲ. ನಾನೂ ಸಿನ್ಹಾ ಕಾಲಂನಲ್ಲಿ 140 ಎಂದೇ ಬರೆದಿದ್ದೆ. ಬಂದದ್ದು 139. ಒಂದು ಮತ ಮುರ್ಮು ಅವರಿಗೆ ಹೋಗಿತ್ತು. ಯಾರದ್ದು ಎಂದು ಹುಡುಕುವ ದಾರಿ ಇಲ್ಲ, ಗುಪ್ತ ಮತದಾನದ ಅರ್ಥವೇ ಅದು.

ಮತಪತ್ರ ಹೇಗಿರುತ್ತದೆ ಗೊತ್ತಿದ್ದರೆ ಅಸಿಂಧು ಯಾಕಾಗುತ್ತದೆ ಎಂದೂ ಗೊತ್ತಾಗುತ್ತದೆ. ಸಂಸದರಿಗೆ ಹಸಿರು ಕಾಗದ, ಶಾಸಕರಿಗೆ ಗುಲಾಬಿ ಬಣ್ಣದ್ದು. ಒಂದು ಕಡೆ ಹೆಸರುಗಳು, ಪಕ್ಕದಲ್ಲಿ ಪ್ರಾಶಸ್ತ್ಯ ಬರೆಯುವ ಖಾಲಿ ಜಾಗ. ಪಕ್ಷದ ಚಿಹ್ನೆ ಇಲ್ಲ. ಆಯೋಗ ಕೊಡುವ ನೇರಳೆ ಶಾಯಿಯ ಪೆನ್ನಿನಲ್ಲೇ ಬರೆಯಬೇಕು. ಜೇಬಿನ ಪೆನ್ನು ತೆಗೆದರೆ ಮತ ಹೋಯಿತು. ಅಂಕಿಯಲ್ಲಿ ಬರೆಯಬೇಕು, "ಒಂದು" ಎಂದು ಅಕ್ಷರದಲ್ಲಿ ಬರೆದರೆ ಆಗುವುದಿಲ್ಲ. ಆದರೆ ಅಂಕಿ ಭಾರತದ ಯಾವ ಭಾಷೆಯದ್ದಾದರೂ ಸರಿ. ತಿರುವನಂತಪುರದಲ್ಲಿ ಕುಳಿತು ಕನ್ನಡದ ೧ ಬರೆದರೂ ಆ ಮತ ಸಿಂಧು. ಗಡಿನಾಡಿನ ನಮಗೆ ಇದು ಸಣ್ಣ ವಿಷಯ ಅಲ್ಲ.

2022ರಲ್ಲಿ ಇಷ್ಟೆಲ್ಲ ಹೇಳಿಕೊಟ್ಟ ಮೇಲೂ 53 ಮತ ಅಸಿಂಧುವಾಯಿತು, ಅದರಲ್ಲಿ 15 ಸಂಸದರದ್ದು. 15 ಅಂದರೆ ಸಣ್ಣದಲ್ಲ, 10,500 ಮೌಲ್ಯ. ಹಾಗಾಗಿ ನಿಮ್ಮ ಪುಟದ ಕೊನೆಗೆ ಎರಡೂ ಕಡೆಯಿಂದ ನೂರಕ್ಕೆ ಮೂರರಷ್ಟು ತೆಗೆದಿಟ್ಟು ನೋಡಿ. ಅದಾದ ಮೇಲೂ ಒಬ್ಬರು ಕೆಂಪು ಗೆರೆಯ ಮೇಲೆ ಆರಾಮಾಗಿ ನಿಂತಿದ್ದರೆ ಧೈರ್ಯವಾಗಿ ಹೆಸರು ಹೇಳಬಹುದು. ಗೆರೆಯ ಹತ್ತಿರವೇ ಇದ್ದರೆ "ಹೇಳಲಾಗದು" ಎಂದು ಬರೆಯಿರಿ. ಅದೂ ಸರಿಯಾದ ಉತ್ತರವೇ. ಬೆಟ್ಟು ಕಟ್ಟಲು ಮಾತ್ರ ಈ ಪುಟ ಬಳಸಬೇಡಿ.

ಹಂತ 7: ಮೂರನೆಯವರು ಬಲವಾಗಿದ್ದರೆ

ಇಬ್ಬರೇ ಇದ್ದರೆ ಈ ಹಂತ ಬಿಟ್ಟುಬಿಡಿ. ಇದು ಬೇಕಾಗಿ ಬಂದದ್ದು ಒಂದೇ ಸಲ, 1969ರಲ್ಲಿ.

ಆ ವರ್ಷ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಬೆಂಗಳೂರಿನಲ್ಲಿ ನಡೆದ ಕಾಂಗ್ರೆಸ್ ಸಭೆಯಲ್ಲಿ ಅನಂತಪುರ ಜಿಲ್ಲೆಯ ನೀಲಂ ಸಂಜೀವ ರೆಡ್ಡಿ ಅವರ ಹೆಸರು ಆಯ್ಕೆಯಾಯಿತು. ವಿ.ವಿ. ಗಿರಿ ಸ್ವತಂತ್ರರಾಗಿ ನಿಂತರು. ಗಿರಿ ಅದಕ್ಕೂ ಮೊದಲು ಕೇರಳಕ್ಕೂ ಮೈಸೂರು ರಾಜ್ಯಕ್ಕೂ ರಾಜ್ಯಪಾಲರಾಗಿದ್ದವರು. ಮೂರನೆಯವರು ಸಿ.ಡಿ. ದೇಶಮುಖ್. ಪ್ರಧಾನಿ ಇಂದಿರಾ ಗಾಂಧಿ ಮನಸ್ಸಾಕ್ಷಿಯಂತೆ ಮತ ಹಾಕಿ ಎಂದು ಕರೆ ಕೊಟ್ಟರು.

ಮೊದಲ ಎಣಿಕೆಯಲ್ಲಿ ಗಿರಿ 4,01,515, ರೆಡ್ಡಿ 3,13,548, ದೇಶಮುಖ್ 1,12,769. ಕೋಟಾ 4,18,169. ಯಾರೂ ಮುಟ್ಟಲಿಲ್ಲ. ಆಗ ಕೆಳಗಿನವರನ್ನು ಒಬ್ಬೊಬ್ಬರಾಗಿ ತೆಗೆದು, ಅವರ ಮತಪತ್ರಗಳಲ್ಲಿ 2 ಎಂದು ಯಾರ ಹೆಸರಿನ ಮುಂದೆ ಬರೆದಿದೆಯೋ ಅವರಿಗೆ ಆ ಮತ ಕೊಟ್ಟರು. ಇದೇ ಎರಡನೇ ಪ್ರಾಶಸ್ತ್ಯ. ದೇಶಮುಖ್ ಅವರ ಮತಗಳಲ್ಲಿ ಹೆಚ್ಚಿನವು ರೆಡ್ಡಿಗೆ ಹೋದವು. ಆದರೂ ಗಿರಿ 4,20,077ಕ್ಕೆ ಬಂದು ಗೆದ್ದರು, ರೆಡ್ಡಿ 4,05,427ಕ್ಕೆ ನಿಂತರು. ರೆಡ್ಡಿ ಅವರೇ 1977ರಲ್ಲಿ ಅವಿರೋಧವಾಗಿ ಆಯ್ಕೆಯಾದರು.

ನಿಮಗೆ ಇದರಿಂದ ಬೇಕಾದದ್ದು ಇಷ್ಟೇ: ಮೂರನೇ ಅಭ್ಯರ್ಥಿ ಬಲವಾಗಿದ್ದರೆ ಅವರ ಬೆಂಬಲಿಗರು ಎರಡನೆಯದಾಗಿ ಯಾರನ್ನು ಒಪ್ಪುತ್ತಾರೆ ಎಂದು ಇನ್ನೊಂದು ಸಣ್ಣ ಕಾಲಂ ಮಾಡಿ. ಮೊದಲ ಎಣಿಕೆಯಲ್ಲಿ ಮುಂದಿರುವುದೇ ಗೆಲುವಲ್ಲ.

ಹಂತ 8: ಎಣಿಕೆಯ ದಿನ

ಎಣಿಕೆ ದೆಹಲಿಯ ಸಂಸತ್ ಭವನದಲ್ಲಿ. ಮೊದಲು ಸಂಸದರ ಮತ. ಆಮೇಲೆ ಇಂಗ್ಲಿಷ್ ಅಕ್ಷರ ಕ್ರಮದಲ್ಲಿ ಹತ್ತು ಹತ್ತು ರಾಜ್ಯ. ಮೊದಲ ಸುತ್ತಿನ ಅಂಕಿ ಕೇಳಿ ಪುಟ ಮುಚ್ಚಬೇಡಿ. ಸಂಸದರಲ್ಲಿ ಯಾರಿಗೆ ಬಲ ಇದೆಯೋ ಅವರು ಅಲ್ಲಿ ತುಂಬಾ ಮುಂದೆ ಕಾಣುತ್ತಾರೆ. 2022ರಲ್ಲಿ ಸಂಸದರ ಮತಗಳಲ್ಲಿ ಮುರ್ಮು ಅವರಿಗೆ 540, ಸಿನ್ಹಾ ಅವರಿಗೆ 208. ಶಾಸಕರ ಮತಗಳಲ್ಲಿ ಅಂತರ ಅಷ್ಟಿರಲಿಲ್ಲ, 2284 ಮತ್ತು 1669.

ಕರ್ನಾಟಕ, ಕೇರಳ ಎರಡೂ ಕಳೆದ ಸಲ ಮೂರನೇ ಸುತ್ತಿನಲ್ಲಿ ಬಂದವು, ಒಂದರ ಹಿಂದೆ ಒಂದು. ಮುರ್ಮು ಅರ್ಧದ ಗೆರೆ ದಾಟಿದ್ದು ಆ ಸುತ್ತು ಮುಗಿದಾಗ. ಪ್ರತಿ ರಾಜ್ಯದ ಅಂಕಿ ಬಂದ ಹಾಗೆ ನಿಮ್ಮ ಐದನೇ ಕಾಲಂನಲ್ಲಿ ಬರೆಯುತ್ತಾ ಹೋಗಿ. ನಿಮ್ಮ ಅಂಕಿಗೂ ಬಂದ ಅಂಕಿಗೂ ವ್ಯತ್ಯಾಸ ಇರುವ ರಾಜ್ಯಕ್ಕೆ ಸುತ್ತು ಹಾಕಿ. ಅಲ್ಲಿ ಅಡ್ಡ ಮತ ಬಿದ್ದಿದೆ, ಇಲ್ಲವೇ ಯಾವುದೋ ಪಕ್ಷವನ್ನು ನೀವು ತಪ್ಪು ಕಾಲಂಗೆ ಹಾಕಿದ್ದೀರಿ. ಯಾವುದು ಎಂದು ಅದೇ ರಾತ್ರಿ ಪಕ್ಕದಲ್ಲಿ ಬರೆದಿಡಿ. ಪುಟ ಹರಿಯಬೇಡಿ, 2032ಕ್ಕೆ ಬೇಕಾಗುತ್ತದೆ.